ಗೃಹಕಾಯಕದಲ್ಲಿ ಸತಿಪತಿಗಳ ಪಾಲು

ಶರಣಧರ್ಮವು ಸಂಸಾರವನ್ನು ತೊರೆದು ಓಡಿದವರ ಧರ್ಮವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವಮಂಟಪಕ್ಕೆ ಬಂದು ಕುಳಿತವರಲ್ಲಿ ಬಹುಮಂದಿ ಹೆಂಡಿರು ಮಕ್ಕಳುಳ್ಳ ಗೃಹಸ್ಥರು. ಹಗಲೆಲ್ಲ ದುಡಿದು, ದುಡಿದುದನ್ನು ಮೊದಲು ಜಂಗಮಕ್ಕೆ ನೀಡಿ, ಉಳಿದುದನ್ನು ಪ್ರಸಾದವೆಂದು ಉಂಡವರು. ಆದಕಾರಣ ಮನೆಯೆಂಬುದು ನಮಗೆ ಸಾಧನೆಯ ಅಡ್ಡಿಯಲ್ಲ, ಸಾಧನೆಯ ನೆಲೆ. ಇಷ್ಟನ್ನು ನಾವೆಲ್ಲರೂ ಒಪ್ಪುವೆವು. ಉಪನ್ಯಾಸಗಳಲ್ಲಿ ಕೇಳಿ ತಲೆದೂಗುವೆವು. ಆದರೆ ಆ ಮನೆಯೊಳಗಿನ ಕೆಲಸ ಯಾರದು ಎಂಬ ಪ್ರಶ್ನೆ ಎದ್ದಾಗ ಮಾತ್ರ ವಚನದ ಕಟ್ಟನ್ನು ಮಡಿಸಿಟ್ಟು ರೂಢಿಯ ಕಟ್ಟನ್ನು ಬಿಚ್ಚುವೆವು. ಅಡಿಗೆ, ಕಸ, ಮುಸುರೆ, ಬಟ್ಟೆ, ಮಕ್ಕಳ ಲಾಲನೆ, ಮುಪ್ಪಿನವರ ಉಪಚಾರ ಇವೆಲ್ಲ ಹೆಣ್ಣಿನ ಪಾಲೆಂದೂ, ಗಂಡಸು ಇವುಗಳಲ್ಲಿ ಕೈಯಿಕ್ಕಿದರೆ ಅದು ಅವನ ಔದಾರ್ಯವೆಂದೂ ಎಣಿಸುವೆವು. ಈ ಎಣಿಕೆಯು ಶರಣತತ್ತ್ವಕ್ಕೆ ಒಪ್ಪುವುದೇ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ದೀಕ್ಷೆ ಮತ್ತು ಹೊತ್ತು

ವೀರಶೈವದಲ್ಲಿ ಇಷ್ಟಲಿಂಗವು ಗಂಡಿಗೆ ಹೇಗೋ ಹೆಣ್ಣಿಗೂ ಹಾಗೆಯೇ. ಬಾಲಕ ಬಸವಣ್ಣನವರು ಅಕ್ಕ ನಾಗಮ್ಮನಿಗಿಲ್ಲದ ಸಂಸ್ಕಾರ ತನಗೂ ಬೇಡವೆಂದು ಉಪನಯನವನ್ನು ನಿರಾಕರಿಸಿ ಮನೆಬಿಟ್ಟರೆಂದು ಪರಂಪರೆಯು ಹೇಳುತ್ತದೆ. ಗುರುವು ಸ್ತ್ರೀಗೆ ಕೊಡುವ ಲಿಂಗವು ಚಿಕ್ಕದಲ್ಲ, ಮಂತ್ರವು ಬೇರೆಯಲ್ಲ. ಅಷ್ಟಾವರಣಗಳಲ್ಲಿ ಒಂದನ್ನೂ ಆಕೆಗೆ ಕಡಿಮೆ ಮಾಡಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂದಾಗ ಸ್ತ್ರೀಯನ್ನು ದೇವರ ಸನ್ನಿಧಿಯಿಂದ ದೂರವಿಡುತ್ತಿದ್ದ ಬೇಲಿಯೂ ಬಿದ್ದಿತು. ತನ್ನ ಲಿಂಗಕ್ಕೆ ತಾನೇ ಪೂಜಾರಿಣಿ. ನಡುವೆ ಗಂಡನ ಅಪ್ಪಣೆಯಾಗಲಿ ಪುರೋಹಿತನ ಮಧ್ಯಸ್ಥಿಕೆಯಾಗಲಿ ಬೇಕಿಲ್ಲ.

ಇನ್ನು ಒಂದು ಬೆಳಗನ್ನು ನೋಡೋಣ. ಯಜಮಾನನು ಎದ್ದು ಸ್ನಾನ ಮುಗಿಸಿ ಬರುವನು. ಬಿಸಿನೀರು ಕಾದಿರುವುದು, ಪೂಜೆಯ ಮಣೆ ಹಾಕಿರುವುದು, ಭಸ್ಮ ಪತ್ರೆ ಅಗ್ಘವಣಿ ಸಿದ್ಧವಾಗಿರುವುವು. ಆತನು ಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡು ಕಣ್ಣು ನೆಟ್ಟು ಕುಳಿತಾಗ ಮಕ್ಕಳು ಗಲಾಟೆ ಮಾಡದಂತೆ ತಡೆದವರು ಯಾರು? ಪೂಜೆ ಮುಗಿದೊಡನೆ ಪ್ರಸಾದ ಬಿಸಿಯಾಗಿ ಮುಂದೆ ಬರುವಂತೆ ಒಲೆಯ ಮುಂದೆ ನಿಂತವರು ಯಾರು? ಆಕೆಯೂ ಲಿಂಗವಂತೆಯೇ. ಆಕೆಯ ಕೊರಳಲ್ಲಿಯೂ ಅದೇ ಲಿಂಗವಿದೆ. ಆದರೆ ಆಕೆಯ ಪೂಜೆ ಯಾವಾಗ ಆಯಿತೆಂದು ಆ ಮನೆಯಲ್ಲಿ ಯಾರೂ ಕೇಳರು. ಹಾಲು ಉಕ್ಕುವ ಮೊದಲು, ಮಗು ಏಳುವ ಮೊದಲು, ಅತ್ತೆಯವರು ಕರೆಯುವ ಮೊದಲು, ದೊರೆತ ಎರಡು ಗಳಿಗೆಯಲ್ಲಿ ವಿಭೂತಿ ಧರಿಸಿ ಲಿಂಗಕ್ಕೆ ನೀರೆರೆದು ಎದ್ದರೆ ಆಯಿತು.

ಈ ಪಾಠದ ಮುಖ್ಯ ಮಾತು ಇಷ್ಟೇ: ದೀಕ್ಷೆಯು ಸ್ತ್ರೀಗೆ ಲಿಂಗವನ್ನು ಕೊಟ್ಟಿತು, ಆ ಲಿಂಗದೊಡನೆ ಇರುವ ಹೊತ್ತನ್ನು ಕೊಡಬೇಕಾದದ್ದು ಮನೆ. ಮನೆಯು ಹೊತ್ತನ್ನು ಕಸಿದುಕೊಂಡರೆ ಗುರುವು ಕೊಟ್ಟುದನ್ನೇ ಕಸಿದುಕೊಂಡಂತೆ. ಹೀಗೆ ನೋಡಿದಾಗ ಮನೆಗೆಲಸದ ಹಂಚಿಕೆಯು ಗಂಡಹೆಂಡಿರ ಸೌಕರ್ಯದ ಮಾತಾಗಿ ಉಳಿಯದು. ಅದು ಧರ್ಮದ ಮಾತಾಗುವುದು.

೨. ಕಾಯಕಕ್ಕೆ ಹೆಣ್ಣು ಗಂಡೆಂಬ ಭೇದವುಂಟೆ?

ಮನೆಗೆಲಸವು ಕಾಯಕವೆನಿಸೀತೇ ಎಂದು ಕೆಲವರು ಸಂದೇಹಪಡುವರು. ಹಣ ತಾರದ ಕೆಲಸ ಹೇಗೆ ಕಾಯಕವಾದೀತು ಎಂಬುದು ಅವರ ಸಂದೇಹ. ಶರಣರು ಕಾಯಕಕ್ಕಿಟ್ಟ ಲಕ್ಷಣಗಳನ್ನು ನೆನೆಯೋಣ. ಅದನ್ನು ತನ್ನ ಕಾಯದಿಂದ ತಾನೇ ಮಾಡಬೇಕು, ಅದರಲ್ಲಿ ಕಪಟವಿರಬಾರದು, ಅದರ ಫಲವು ದಾಸೋಹಕ್ಕೆ ಸಲ್ಲಬೇಕು. ಹಣದ ಮಾತು ಈ ಮೂರರಲ್ಲಿ ಎಲ್ಲಿಯೂ ಇಲ್ಲ. ಅಕ್ಕಿಯನ್ನು ಆರಿಸಿ ಅನ್ನ ಮಾಡಿ ಬಂದವರಿಗೆ ಬಡಿಸುವುದಕ್ಕಿಂತ ನೇರವಾಗಿ ದಾಸೋಹಕ್ಕೆ ಸಲ್ಲುವ ಕೆಲಸ ಬೇರೆ ಯಾವುದಿದೆ?

ಶರಣೆಯರ ಹೆಸರುಗಳೇ ಇದಕ್ಕೆ ಸಾಕ್ಷಿ ನುಡಿಯುವುವು. ಕೊಟ್ಟಣದ ಸೋಮವ್ವೆಯ ಕಾಯಕ ಬತ್ತ ಕುಟ್ಟುವುದು. ಕದಿರ ರೆಮ್ಮವ್ವೆಯ ಕಾಯಕ ನೂಲುವುದು. ಸತ್ಯಕ್ಕನ ಕಾಯಕ ಶಿವಭಕ್ತರ ಮನೆಯ ಅಂಗಳವನ್ನು ಗುಡಿಸುವುದು. ಕುಟ್ಟುವುದು, ನೂಲುವುದು, ಗುಡಿಸುವುದು ಇವೆಲ್ಲ ಅಂದಿನ ಯಾವ ಮನೆಯಲ್ಲಿಯೂ ಹೆಂಗಸರು ಮಾಡುತ್ತಿದ್ದ, ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಕೆಲಸಗಳು. ಅವುಗಳಿಗೆ ಕಾಯಕವೆಂಬ ಪದವಿಯನ್ನಿತ್ತು, ಅವನ್ನು ಮಾಡುವವಳನ್ನು ಅನುಭವಮಂಟಪದಲ್ಲಿ ಕೂರಿಸಿ, ಆಕೆಯ ಮಾತನ್ನು ವಚನವೆಂದು ಓಲೆಯಲ್ಲಿ ಬರೆದಿಟ್ಟವರು ಶರಣರು. ಮೂವತ್ತಕ್ಕೂ ಮಿಕ್ಕ ಶರಣೆಯರ ವಚನಗಳು ನಮಗೆ ಉಳಿದು ಬಂದಿರುವುದು ಈ ಗೌರವದ ಫಲ.

ಇನ್ನೊಂದು ಕಡೆಯಿಂದ ನೋಡಿರಿ. ಬಟ್ಟೆ ಒಗೆಯುವುದನ್ನು ಇಂದು ಎಷ್ಟೋ ಮನೆಗಳಲ್ಲಿ ಹೆಂಗಸರ ಕೆಲಸವೆಂದು ಬಿಟ್ಟುಬಿಟ್ಟಿದ್ದಾರೆ. ಆದರೆ ಶರಣರೆಲ್ಲ ವೀರನೆಂದು ಕೊಂಡಾಡಿದ ಮಾಚಯ್ಯನವರು ಶರಣರ ಮೈಲಿಗೆಯನ್ನು ಹೊತ್ತು ತಂದು ಮಡಿಮಾಡಿ ಕೊಟ್ಟವರು. ಕಲ್ಯಾಣದ ಶರಣರನ್ನು ಕಾಯ್ದ ಆ ಗಂಡುಗಲಿಯ ಕೈಗೆ ಒಗೆಯುವ ಕಲ್ಲು ಕುಂದಾಗಲಿಲ್ಲ. ಕೆಲಸದಲ್ಲಿ ಹೆಣ್ಣು ಗಂಡೆಂಬ ಭೇದವಿದ್ದಿದ್ದರೆ ಮಡಿವಾಳ ಮಾಚಯ್ಯನವರ ಹೆಸರು ಹೀಗೆ ಬೆಳಗುತ್ತಿರಲಿಲ್ಲ.

ಇದಕ್ಕೆ ತತ್ತ್ವದ ಆಧಾರವೂ ಇದೆ. ಹುಟ್ಟಿನಿಂದ ಒಬ್ಬನಿಗೆ ಇಂಥದೇ ಕೆಲಸವೆಂದು ಕಟ್ಟುಮಾಡುವುದನ್ನು ಶರಣರು ಮುರಿದರು. ಒಂದು ಜಾತಿಯಲ್ಲಿ ಹುಟ್ಟಿದನೆಂದು ಒಬ್ಬನ ಕೈಗೆ ಪೊರಕೆಯನ್ನೂ, ಇನ್ನೊಂದರಲ್ಲಿ ಹುಟ್ಟಿದನೆಂದು ಮತ್ತೊಬ್ಬನ ಕೈಗೆ ಪುಸ್ತಕವನ್ನೂ ಕೊಡುವುದು ಅನ್ಯಾಯವೆಂದು ಒಪ್ಪಿದ ಮೇಲೆ, ಹೆಣ್ಣಾಗಿ ಹುಟ್ಟಿದಳೆಂದು ಒಬ್ಬಳಿಗೆ ಪೊರಕೆಯನ್ನೂ, ಗಂಡಾಗಿ ಹುಟ್ಟಿದನೆಂದು ಅವಳ ತಮ್ಮನಿಗೆ ಪುಸ್ತಕವನ್ನೂ ಕೊಡುವುದು ಹೇಗೆ ನ್ಯಾಯವಾದೀತು? ಜೇಡರ ದಾಸಿಮಯ್ಯನವರು ಹೆಣ್ಣು ಗಂಡೆಂಬ ಗುರುತು ಮೈಯ ಹೊರಗಣದೆಂದೂ, ಒಳಗೆ ಸುಳಿಯುವ ಆತ್ಮಕ್ಕೆ ಆ ಗುರುತಿಲ್ಲವೆಂದೂ ಸ್ಪಷ್ಟವಾಗಿ ಅರುಹಿರುವರು. ಆತ್ಮಕ್ಕಿಲ್ಲದ ಭೇದವನ್ನು ಪಾತ್ರೆ ತೊಳೆಯುವ ಕೈಗೆ ಹಚ್ಚುವುದು ವಿಚಿತ್ರವಲ್ಲವೇ?

೩. ಶರಣದಂಪತಿಗಳ ನಡೆ

ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕಥೆ ನಮಗೆಲ್ಲ ತಿಳಿದುದೇ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳಲ್ಲಿ ಮಾರಯ್ಯನವರು ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವರು. ಲಕ್ಕಮ್ಮನವರು ಅದರಿಂದ ದಾಸೋಹವನ್ನು ನಡೆಸುವರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ತಡೆದು, ಬೇಕಾದುದಕ್ಕಿಂತ ಮಿಗಿಲಾದ ಈ ಆಸೆ ಎಲ್ಲಿಂದ ಬಂತೆಂದು ಕೇಳಿ, ಹೆಚ್ಚಿನದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಹೇಳಿದರು. ಮಾರಯ್ಯನವರು ಅನುಭಾವದ ಗೋಷ್ಠಿಯಲ್ಲಿ ಮೈಮರೆತಾಗ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವರೂ ಅವರೇ.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಸತಿಯ ನಿರಾಸೆಯ ಗುಣಗಾನಕ್ಕಾಗಿ ಹೇಳುವೆವು. ಅದು ಸರಿಯೇ. ಆದರೆ ಅದರಲ್ಲಿ ಅಡಗಿರುವ ಮತ್ತೊಂದು ಸಂಗತಿಯನ್ನು ಗಮನಿಸಿರಿ. ಆ ಮನೆಗೆ ಎಷ್ಟು ಅಕ್ಕಿ ಬೇಕು, ಎಷ್ಟು ಹೆಚ್ಚು ಎಂಬುದನ್ನು ಬಲ್ಲವರು ಲಕ್ಕಮ್ಮನವರು. ಒಲೆಯ ಮುಂದಿನ ಅರಿವು ಅಂಗಳದ ದುಡಿಮೆಯನ್ನು ತಿದ್ದಿತು. ಅಂಗಳದವನು ಆ ತಿದ್ದುಪಾಟನ್ನು ಒಪ್ಪಿಕೊಂಡು, ಬುಟ್ಟಿಯನ್ನು ಹೊತ್ತು ಹಿಂದಿರುಗಿದನು. ಹೆಂಡತಿಯ ಮಾತಿಗೆ ಓಗೊಟ್ಟು ಅಕ್ಕಿಯನ್ನು ಮರಳಿ ಚೆಲ್ಲಲು ಹೋದ ಆ ನಡಿಗೆಯೂ ಒಂದು ಕಾಯಕವೇ. ಇಂದು ನಮ್ಮಲ್ಲಿ ಲಕ್ಕಮ್ಮನನ್ನು ಹೊಗಳುವ ಗಂಡಂದಿರು ಬಹಳ. ಮಾರಯ್ಯನಂತೆ ಹಿಂದಿರುಗುವವರು ಕಡಿಮೆ.

ಮೋಳಿಗೆಯ ಮಾರಯ್ಯನವರ ಮನೆಯಲ್ಲಿಯೂ ಇದೇ ರೀತಿ. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಟ್ಟಿಗೆಯ ಹೊರೆ ಹೊತ್ತರೆಂದು ಇವರ ಚರಿತೆಯಲ್ಲಿ ಹೇಳಿದೆ. ಅವರೊಡನೆ ಬಂದ ರಾಣಿ ಮಹಾದೇವಿಯವರು ಅಂಬಲಿ ಕಾಸಿ ಜಂಗಮಕ್ಕೆ ನೀಡಿದರು. ಆದರೆ ಅವರ ಸ್ಥಾನ ಅಂಬಲಿಯ ಪಾತ್ರೆಯ ಬಳಿ ಮುಗಿಯಲಿಲ್ಲ. ಪತಿಗೆ ಐಕ್ಯದ ಹಂಬಲ ಹುಟ್ಟಿ, ಬಯಲನ್ನು ಬೇರೊಂದು ಕಡೆ ಹುಡುಕಹೊರಟಾಗ, ಇದ್ದಲ್ಲಿಯೇ ಇರುವುದನ್ನು ಅರಿಯಬೇಕೆಂದು ತಿಳಿಯಹೇಳಿದವರು ಆಕೆ. ಅಡಿಗೆ ಮಾಡುವವಳು ಅನುಭಾವವನ್ನೂ ನುಡಿಯಬಲ್ಲಳು. ಆದರೆ ಅದಕ್ಕೆ ಆಕೆಗೆ ಹೊತ್ತು ಇರಬೇಕು, ಕೇಳುವ ಪತಿ ಇರಬೇಕು.

೪. ವಿಟ್ಲ ಸೀಮೆಯ ಒಂದು ಮನೆ

ತತ್ತ್ವವನ್ನು ಒಂದು ನೆಲದ ಮೇಲೆ ಇಟ್ಟು ನೋಡದಿದ್ದರೆ ಅದು ಬಾಯಿಮಾತಾಗುವುದು. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ವಿಟ್ಲವನ್ನು ತೆಗೆದುಕೊಳ್ಳೋಣ. ಈ ತುಳುನಾಡಿನಲ್ಲಿ ಕೆಳದಿಯ ವೀರಶೈವ ಅರಸರ ಆಳಿಕೆ ಬಹುಕಾಲ ನಡೆದಿದ್ದರೂ ನಮ್ಮ ಸಮಾಜದ ಮನೆಗಳು ಇಲ್ಲಿ ವಿರಳ. ಆದರೂ ನಮ್ಮ ಪ್ರಶ್ನೆಗೆ ಇದು ತಕ್ಕ ಸ್ಥಳ. ಏಕೆಂದರೆ ಹೆಣ್ಣಿನ ಸ್ಥಾನವನ್ನು ಬೇರೆ ಬೇರೆ ರೀತಿಯಲ್ಲಿ ಎಣಿಸಿದ ಸಂಪ್ರದಾಯಗಳು ಇಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಬಾಳಿವೆ.

ಇಲ್ಲಿಯ ಬಂಟರು, ಬಿಲ್ಲವರು ಮೊದಲಾದ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿತ್ತು. ಕುಟುಂಬವು ತಾಯಿಯ ಬಳಿಯಿಂದ ಸಾಗುವುದು, ಆಸ್ತಿಯು ಹೆಣ್ಣಿನ ಸಂತತಿಗೆ ಇಳಿಯುವುದು, ಹಿರಿಯಳಾದ ಸ್ತ್ರೀಯು ಯಜಮಾನ್ತಿಯೂ ಆಗಬಹುದು. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಗಳಾದ ಮೇಲೆ ಈ ಕಟ್ಟು ಸಡಿಲಿತು. ಮಗ್ಗುಲಲ್ಲಿಯೇ ಮಕ್ಕಳಸಂತಾನದ ಹವ್ಯಕಾದಿಗಳ ಮನೆಗಳು. ಅಲ್ಲಿ ಆಸ್ತಿಯು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಆಸ್ತಿಯ ದಾರಿ ಒಂದೊಂದು ಕಡೆ ಒಂದೊಂದಾಯಿತು. ಆದರೆ ದಿನದಿನದ ಒಲೆಯ ದಾರಿ ಎಲ್ಲ ಕಡೆಯೂ ಒಂದೇ ಆಯಿತು. ಭೂಮಿ ಹೆಣ್ಣಿನ ಬಳಿಯದಾದಲ್ಲಿಯೂ ಹಿಡಿಸೂಡಿ ಹೆಣ್ಣಿನ ಕೈಯಲ್ಲಿಯೇ ಉಳಿಯಿತು. ಇದರಿಂದ ಒಂದು ಪಾಠವನ್ನು ಕಲಿಯಬೇಕು: ಆಸ್ತಿಯ ಹಕ್ಕು ಬಹಳ ದೊಡ್ಡದು, ಬೇಕಾದುದು, ಆದರೆ ಅದೊಂದರಿಂದಲೇ ಮನೆಯೊಳಗಣ ದುಡಿಮೆ ಹಂಚಿಹೋಗದು. ಅದಕ್ಕೆ ಮನಸ್ಸು ತಿರುಗಬೇಕು.

ವಿಟ್ಲವು ಅಡಿಕೆಯ ಸೀಮೆ. ೧೯೫೬ರಲ್ಲಿ ಅಡಿಕೆಯ ಸಂಶೋಧನಾ ಕೇಂದ್ರವು ನೆಲೆಗೊಂಡದ್ದೂ ಇಲ್ಲಿಯೇ. ಹಣ್ಣಡಿಕೆಯನ್ನು ಅಂಗಳದಲ್ಲಿ ಹರವಿ ಸುಮಾರು ೪೦ ದಿನ ಬಿಸಿಲಿಗೆ ಒಣಗಿಸಿ ಸುಲಿದಾಗ ಚಾಲಿಯಾಗುವುದು. ಮರವೇರಿ ಗೊನೆ ಕೊಯ್ಯುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಗಂಡಸರ ಕೆಲಸ. ಅದು ಕಷ್ಟದ್ದು, ಅಪಾಯದ್ದು, ಅದನ್ನು ಯಾರೂ ಹಗುರವಾಗಿ ಕಾಣಲಾಗದು. ಆದರೆ ಬಿದ್ದ ಅಡಿಕೆಯನ್ನು ಹೆಕ್ಕುವುದು, ಒಣಗಲು ಹಾಕಿದುದನ್ನು ಮಗುಚುವುದು, ಮೋಡ ಕವಿದಾಗ ಓಡಿ ಮುಚ್ಚುವುದು, ಸುಲಿದುದನ್ನು ವಿಂಗಡಿಸುವುದು ಇವುಗಳಲ್ಲಿ ಹೆಂಗಸರ ಕೈ ಎಷ್ಟಿದೆಯೆಂಬುದನ್ನು ತೋಟದವರೆಲ್ಲ ಬಲ್ಲರು. ಮಾರಿದ ಚೀಟಿಯಲ್ಲಿ ಮಾತ್ರ ಸಾಮಾನ್ಯವಾಗಿ ಒಂದೇ ಹೆಸರು.

ತೋಟವಿಲ್ಲದ ಮನೆಗಳಲ್ಲಿ ಬೀಡಿ. ಈ ತಾಲ್ಲೂಕಿನ ಸಾವಿರಾರು ಮನೆಗಳಲ್ಲಿ ಹೆಂಗಸರು ತಲೆಮಾರುಗಳಿಂದ ಬೀಡಿ ಕಟ್ಟಿದ್ದಾರೆ; ಈಚಿನ ವರ್ಷಗಳಲ್ಲಿ ಅದು ಕಡಿಮೆಯಾಗುತ್ತ ಬಂದಿದೆ. ೧೯೬೬ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದು ಗಣಿಸಿತು. ಕೂಲಿ ಸಾವಿರ ಬೀಡಿಗೆ ಇಷ್ಟೆಂದು. ಅಂಥ ಮನೆಯ ಒಂದು ದಿನ ಹೀಗಿರುವುದು. ನಸುಕಿನಲ್ಲಿ ಎದ್ದು ಬಚ್ಚಲ ಹಂಡೆಗೆ ಬೆಂಕಿ ಮಾಡಿ, ಅಂಗಳ ಗುಡಿಸಿ, ಹಟ್ಟಿಯ ಕೆಲಸ ಮುಗಿಸಿ, ಕುಚ್ಚಲಕ್ಕಿ ಗಂಜಿ ಬೇಯಿಸಿ, ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೆ ಮೊರವನ್ನು ಮಡಿಲಲ್ಲಿಟ್ಟು ಎಲೆ, ಹೊಗೆಸೊಪ್ಪು, ನೂಲುಗಳೊಡನೆ ಕೂರುವುದು. ನಡುವೆ ತೆಂಗಿನಕಾಯಿ ಅರೆದು ಮೇಲೋಗರ ಮಾಡಲು ಏಳುವುದು, ಮತ್ತೆ ಕೂರುವುದು. ಬಟ್ಟೆ ಒಗೆಯಲು ಏಳುವುದು, ಮತ್ತೆ ಕೂರುವುದು. ಸಂಜೆ ಎಣಿಸುವಾಗ ಬೀಡಿಗಳು ಲೆಕ್ಕಕ್ಕೆ ಬರುವುವು. ಎದ್ದುಹೋಗಿ ಮಾಡಿದ ಕೆಲಸಗಳು ಯಾವ ಪುಸ್ತಕದಲ್ಲಿಯೂ ಏರವು. ಗಳಿಸಿ ತಂದವಳೆಂದು ಆಕೆಯ ಪಾಲಿನ ಒಲೆ ತಣ್ಣಗಾಗಲಿಲ್ಲ. ಹಗಲಿಗೆ ಎರಡು ಕಾಯಕ; ವಿಶ್ರಾಂತಿಗೆ ಒಂದೂ ಹೊತ್ತಿಲ್ಲ.

ಇದು ವಿಟ್ಲದ ಮನೆಯೊಂದರ ಮಾತಷ್ಟೇ ಅಲ್ಲ. ಕೇಂದ್ರ ಸರ್ಕಾರದ ಅಂಕಿಸಂಖ್ಯಾ ಇಲಾಖೆಯು ೨೦೧೯ರಲ್ಲಿ ದೇಶದ ಜನರು ದಿನದ ಹೊತ್ತನ್ನು ಹೇಗೆ ಕಳೆಯುವರೆಂದು ಸಮೀಕ್ಷೆ ನಡೆಸಿತು. ಒಂದು ದಿನದಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದವರು ಸ್ತ್ರೀಯರಲ್ಲಿ ನೂರಕ್ಕೆ ೮೧ ಮಂದಿ, ಪುರುಷರಲ್ಲಿ ನೂರಕ್ಕೆ ೨೬ ಮಂದಿ. ಹಾಗೆ ಕೈಹಾಕಿದವರಲ್ಲಿ ಸ್ತ್ರೀಯು ದಿನಕ್ಕೆ ಸರಾಸರಿ ೨೯೯ ನಿಮಿಷವನ್ನೂ ಪುರುಷನು ೯೭ ನಿಮಿಷವನ್ನೂ ಅದಕ್ಕೆ ಕೊಟ್ಟರು. ೨೦೨೪ರಲ್ಲಿ ಮತ್ತೆ ಎಣಿಸಿದಾಗ ಸ್ತ್ರೀಯರದು ೨೮೯ ನಿಮಿಷ, ಪುರುಷರದು ೮೮ ನಿಮಿಷ. ಐದು ವರ್ಷಗಳಲ್ಲಿ ಆಕೆಗೆ ಉಳಿದದ್ದು ೧೦ ನಿಮಿಷ. ಆತನು ಕೊಡುತ್ತಿದ್ದುದರಲ್ಲಿಯೂ ೯ ನಿಮಿಷ ಕಡಿಮೆಯಾಯಿತು. ೨೦೨೧ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮೋಟಾರು ಅಪಘಾತದ ಪರಿಹಾರದ ಮೊಕದ್ದಮೆಯೊಂದರಲ್ಲಿ ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟಲೇಬೇಕೆಂದು ತೀರ್ಪಿತ್ತಿತು. ೨೦೧೧ರ ಜನಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದ ಸ್ತ್ರೀಯರು ಸುಮಾರು ೧೬ ಕೋಟಿ, ಪುರುಷರು ಸುಮಾರು ೫೮ ಲಕ್ಷವೆಂದು ಆ ತೀರ್ಪಿನಲ್ಲಿ ನೆನೆದಿದೆ. ನ್ಯಾಯಾಲಯವು ಈಗ ಒಪ್ಪಿದ ಆ ಬೆಲೆಯನ್ನು ಶರಣರು ಎಂದೋ ಒಪ್ಪಿದ್ದರು.

ವಿಟ್ಲದಲ್ಲಿ ಪಂಚಲಿಂಗೇಶ್ವರ ದೇವಾಲಯವಿದೆ. ಅಲ್ಲಿಯ ಐದು ಲಿಂಗಗಳನ್ನು ಕಾಣಬೇಕಾದರೆ ಭಕ್ತೆಯು ಕೆಲಸ ಮುಗಿಸಿ ಅಲ್ಲಿಗೆ ಹೋಗಬೇಕು. ಇಷ್ಟಲಿಂಗವು ಹಾಗಲ್ಲ, ಅದು ಆಕೆಯ ಅಂಗದೊಡನೆ ಅಡಿಗೆಮನೆಗೂ ಬರುವುದು, ಹಟ್ಟಿಗೂ ಬರುವುದು. ಲಿಂಗವೇ ಬಂದು ನಿಂತ ಜಾಗವನ್ನು ಕೀಳೆಂದು ಬಗೆದು ಗಂಡಸು ಹೊಸ್ತಿಲ ಹೊರಗೆ ನಿಲ್ಲುವುದು ಯಾವ ಭಕ್ತಿ?

೫. ಕೆಲವು ಆಕ್ಷೇಪಗಳು

ಅಡಿಗೆ ಹೆಣ್ಣಿಗೆ ಸಹಜವಾದುದು, ಗಂಡಸಿಗೆ ಅದು ಬಾರದು ಎನ್ನುವರು. ಇದೇ ಸೀಮೆಯಲ್ಲಿ ಮದುವೆಗೆ, ದೇವಸ್ಥಾನದ ಜಾತ್ರೆಗೆ ಸಾವಿರ ಎಲೆಯ ಅಡಿಗೆ ಮಾಡುವವರು ಗಂಡಸರೇ. ಹೆಂಗಸರು ಮೂರು ದಿನ ಹೊರಗಿರುವ ಪದ್ಧತಿಯಿದ್ದ ಮನೆಗಳಲ್ಲಿ ಆ ದಿನಗಳ ಅಡಿಗೆಯನ್ನು ಎಷ್ಟೋ ಕಡೆ ಗಂಡಸರೇ ಮಾಡಿದ್ದಾರೆ. ಸಾವಿರ ಮಂದಿಗೆ ಬೇಯಿಸಬಲ್ಲ ಕೈ ನಾಲ್ಕು ಮಂದಿಗೆ ಬೇಯಿಸಲು ಏಕೆ ಸೋಲುವುದು? ಯಕ್ಷಗಾನದಲ್ಲಿ ಗಂಡಸು ರಾತ್ರಿಯೆಲ್ಲ ಸ್ತ್ರೀವೇಷ ತೊಟ್ಟು ಕುಣಿದರೆ ಊರೇ ಮೆಚ್ಚುವುದು. ಬೆಳಗಾದ ಮೇಲೆ ಅವನೇ ತನ್ನ ಮನೆಯಲ್ಲಿ ಹಿಡಿಸೂಡಿ ಹಿಡಿದರೆ ನಗುವುದು. ಹಾಗಾದರೆ ಅಡ್ಡಿಯು ಶಕ್ತಿಯದಲ್ಲ, ನಾಚಿಕೆಯದು.

ಗಂಡಸು ಹೊರಗೆ ದುಡಿಯುವನು, ಹೆಂಗಸು ಒಳಗೆ ದುಡಿಯುವಳು; ಇದು ಸಮನಾದ ಹಂಚಿಕೆಯೇ ಎನ್ನುವರು. ಇಬ್ಬರಿಗೂ ಒಪ್ಪಿಗೆಯಾಗಿದ್ದು, ಇಬ್ಬರ ದುಡಿಮೆಯೂ ಒಂದೇ ಹೊತ್ತಿಗೆ ಮುಗಿಯುವುದಾದರೆ ಈ ಮಾತಿನಲ್ಲಿ ಹುರುಳಿದೆ. ಮಾರಯ್ಯ ಲಕ್ಕಮ್ಮರೂ ಕೆಲಸವನ್ನು ಹೊರಗೆ ಒಳಗೆ ಎಂದು ಹಂಚಿಕೊಂಡವರೇ. ಆದರೆ ಹೊರಗಿನ ಕೆಲಸ ಸೂರ್ಯನೊಡನೆ ಮುಳುಗುವುದು, ಒಳಗಿನದು ಮುಳುಗದು. ಅದಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ, ಹಬ್ಬದಲ್ಲಿ ಇಮ್ಮಡಿಯಾಗುವುದು. ಇನ್ನು ಹೆಂಡತಿಯೂ ಶಾಲೆ, ಬ್ಯಾಂಕು, ಆಸ್ಪತ್ರೆ, ಬೀಡಿ, ಕೂಲಿಯೆಂದು ದುಡಿಯುವ ಮನೆಯಲ್ಲಿ ಈ ವಾದವು ನಿಲ್ಲಲಾರದು.

ಮೂರನೆಯ ಆಕ್ಷೇಪವು ನಮ್ಮ ಭಕ್ತಿಮಾರ್ಗದ ಹೆಸರಿನಲ್ಲಿಯೇ ಬರುವುದು. ಸತಿಯ ಧರ್ಮ ಸೇವೆ, ಅದರಲ್ಲಿಯೇ ಆಕೆಗೆ ಮುಕ್ತಿ ಎಂದು. ಆದರೆ ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಸತಿ ಯಾರು? ಶರಣನೂ ಸತಿಯೇ. ಗಂಡಸಾದ ವಚನಕಾರರೂ ಲಿಂಗದ ಮುಂದೆ ತಮ್ಮನ್ನು ಹೆಂಡತಿಯೆಂದು ಕರೆದುಕೊಂಡರು. ಸೇವೆಯು ಸತಿಯ ಭೂಷಣವೆನ್ನುವುದಾದರೆ ಆ ಭೂಷಣವು ಪ್ರತಿಯೊಬ್ಬ ಭಕ್ತನಿಗೂ ಬೇಕು. ಪೂಜೆಯಲ್ಲಿ ಸತಿಭಾವವನ್ನು ತಾಳಿ, ಪೂಜೆಯಿಂದ ಎದ್ದೊಡನೆ ಪತಿಯ ಗತ್ತನ್ನು ತಾಳುವುದು ಎರಡು ನಾಲಗೆಯ ನಡೆ.

ಇನ್ನು ಕೆಲವರು ನಾನು ಹೆಂಡತಿಗೆ ಸಹಾಯ ಮಾಡುತ್ತೇನೆ ಎಂದು ಹೆಮ್ಮೆಪಡುವರು. ಅವರ ಮನಸ್ಸು ಒಳ್ಳೆಯದು. ಪದ ಮಾತ್ರ ತಪ್ಪು. ಸಹಾಯವೆಂಬುದು ಇನ್ನೊಬ್ಬರ ಕೆಲಸಕ್ಕೆ ಮಾಡುವಂಥದು. ತಾನು ಉಂಡ ಬಟ್ಟಲು, ತಾನು ಉಟ್ಟ ಬಟ್ಟೆ, ತನ್ನ ಮಗು, ತನ್ನ ತಾಯಿಯ ರೋಗಶಯ್ಯೆ ಇವು ಇನ್ನೊಬ್ಬರವೇ? ತನ್ನ ಕಾಯಕವನ್ನು ತಾನು ಮಾಡಿ ಉಪಕಾರವೆಂದು ಹೇಳಿಕೊಳ್ಳುವುದನ್ನು ಶರಣರು ಒಪ್ಪುತ್ತಿರಲಿಲ್ಲ. ಕೈಯ ಕೆಲಸದಷ್ಟೇ ಭಾರವಾದುದು ಮನಸ್ಸಿನ ಕೆಲಸ. ಅಕ್ಕಿ ಎಂದು ಮುಗಿಯುವುದು, ಮಗುವಿನ ಔಷಧಿ ಎಷ್ಟು ಹೊತ್ತಿಗೆ, ನಾಳೆ ಬರುವ ಅತಿಥಿಗೆ ಏನು ಎಂದು ಒಬ್ಬಳೇ ನೆನಪಿಟ್ಟು, ಅವಳು ಹೇಳಿದಾಗಷ್ಟೇ ಆತನು ಏಳುವುದಾದರೆ ಭಾರದ ಅರ್ಧವೂ ಇಳಿಯಲಿಲ್ಲ.

೬. ಆಚರಣೆಯ ಮಾರ್ಗ

ತತ್ತ್ವವನ್ನು ತಿಳಿದ ಮೇಲೆ ನಡೆಯು ದೂರವಿರಬಾರದು. ಮೊದಲನೆಯದಾಗಿ, ಪ್ರತಿ ಮನೆಯಲ್ಲಿಯೂ ಪೂಜೆಯ ಹೊತ್ತನ್ನು ಇಬ್ಬರಿಗೂ ಗೊತ್ತುಮಾಡಬೇಕು. ಪತಿಯು ಪೂಜೆಗೆ ಕುಳಿತಾಗ ಸತಿಯು ಒಲೆಯನ್ನು ನೋಡಿಕೊಳ್ಳುವಂತೆ, ಸತಿಯು ಕುಳಿತಾಗ ಪತಿಯು ಒಲೆಯನ್ನೂ ಮಗುವನ್ನೂ ನೋಡಿಕೊಳ್ಳಬೇಕು. ಆಕೆಯ ಪೂಜೆಗೂ ಮಣೆ ಹಾಕಿಡುವ, ಪತ್ರೆ ತಂದಿಡುವ ಕೈ ಇರಬೇಕು. ಒಂದು ಮನೆಯಲ್ಲಿ ಧರ್ಮವಿದೆಯೇ ಎಂದು ಅರಿಯಲು ಗೃಹಿಣಿಯು ನಿಶ್ಚಿಂತೆಯಿಂದ ಲಿಂಗದ ಮುಂದೆ ಎಷ್ಟು ಹೊತ್ತು ಕೂರುವಳೆಂದು ನೋಡಿದರೆ ಸಾಕು.

ಎರಡನೆಯದಾಗಿ, ತಾನು ಉಂಡುದನ್ನು ತಾನೇ ತೊಳೆಯುವ ನಿಯಮವಿರಲಿ. ಉಚ್ಛಿಷ್ಟ ಸೂತಕವೇ ಇಲ್ಲವೆಂದು ನಂಬಿದ ನಮಗೆ ಪ್ರಸಾದದ ಬಟ್ಟಲನ್ನು ತೊಳೆಯುವುದು ಹೇಗೆ ಹೀನಾಯವಾದೀತು? ಮೂರನೆಯದಾಗಿ, ದಿನಕ್ಕೊಂದು ಹೊತ್ತಾಗಲಿ ವಾರಕ್ಕೊಂದು ದಿನವಾಗಲಿ ಅಡಿಗೆಯ ಹೊಣೆಯನ್ನು ಆಲೋಚನೆಯಿಂದ ಹಿಡಿದು ಪಾತ್ರೆ ಮಗುಚಿಡುವವರೆಗೆ ಪುರುಷರು ವಹಿಸಿಕೊಳ್ಳಲಿ. ಮೊದಲ ದಿನಗಳಲ್ಲಿ ಗಂಜಿ ಸೀಯಬಹುದು, ಸಾರಿಗೆ ಉಪ್ಪು ಹೆಚ್ಚಾಗಬಹುದು. ಆಗ ಗೃಹಿಣಿಯರೂ ತಾಳ್ಮೆಯಿಂದಿದ್ದು, ಇದಕ್ಕಿಂತ ನಾನೇ ಮಾಡುವುದು ವಾಸಿಯೆಂದು ಸೌಟನ್ನು ಕಸಿದುಕೊಳ್ಳದಿರಲಿ. ಅತ್ತೆಯಂದಿರೂ ಮಗನ ಕೈಯಲ್ಲಿ ಸೌಟು ಕಂಡು ಸೊಸೆಯನ್ನು ನೋಯಿಸದಿರಲಿ.

ನಾಲ್ಕನೆಯದು ಮಕ್ಕಳ ಶಿಕ್ಷಣ. ಶಾಲೆಯಿಂದ ಬಂದ ಮಗಳಿಗೆ ಪೊರಕೆ, ಮಗನಿಗೆ ಚೆಂಡು ಎಂಬ ಪಾಠವನ್ನು ಮನೆಯಲ್ಲಿ ಕಲಿಸಿ, ಬಸವಜಯಂತಿಯ ದಿನ ಸಮಾನತೆಯ ಭಾಷಣವನ್ನು ಬಾಯಿಪಾಠ ಮಾಡಿಸಿದರೆ ಮಗುವು ಭಾಷಣವನ್ನು ಮರೆಯುವುದು, ಪೊರಕೆಯನ್ನು ನೆನಪಿಡುವುದು. ಪರೀಕ್ಷೆಯ ಹೊತ್ತಿನಲ್ಲಿ ತಮ್ಮನಿಗೆ ದೀಪವನ್ನೂ ಅಕ್ಕನಿಗೆ ಒಲೆಯನ್ನೂ ಕೊಟ್ಟ ಮನೆಗಳಲ್ಲಿ ಎಷ್ಟು ಅಕ್ಕಂದಿರ ಓದು ನಿಂತುಹೋಯಿತೆಂಬುದನ್ನು ಹಿರಿಯರು ತಮ್ಮ ತಮ್ಮ ಮನೆತನಗಳಲ್ಲಿಯೇ ನೆನೆದು ನೋಡಲಿ. ಅಕ್ಕನಿಗಿಲ್ಲದುದು ತನಗೆ ಬೇಡವೆಂದ ಬಾಲಕನನ್ನು ಗುರುವೆಂದು ಪೂಜಿಸುವ ನಾವು ಈ ಒಂದು ಮಾತನ್ನಾದರೂ ನಮ್ಮ ಗಂಡುಮಕ್ಕಳಿಗೆ ಕಲಿಸಬೇಡವೇ?

ಕೊನೆಯದಾಗಿ ಮಠ ಮಂದಿರಗಳ ಮಾತು. ಪುರಾಣ ಪ್ರವಚನಗಳು ನಡೆಯುವಾಗ ಗಂಡಸರು ಮುಂದೆ ಕುಳಿತು ಕೇಳುವುದು, ಹೆಂಗಸರು ಹಿಂದೆ ರೊಟ್ಟಿ ತಟ್ಟುತ್ತಿರುವುದು ಎಷ್ಟೋ ಕಡೆ ನಡೆದಿದೆ. ಸರದಿಯಂತೆ ಎರಡು ಕೆಲಸಗಳೂ ಇಬ್ಬರಿಗೂ ಸಲ್ಲಲಿ. ದಾಸೋಹದ ಅಡಿಗೆಯೂ ಲಿಂಗಪೂಜೆಯೇ ನಿಜ. ಆದರೆ ಆ ಪೂಜೆಯ ಪುಣ್ಯವನ್ನು ಪುರುಷರು ಮಾತ್ರ ಏಕೆ ಕಳೆದುಕೊಳ್ಳಬೇಕು?

ಗಂಡಹೆಂಡಿರ ಮನಸ್ಸು ಒಂದಾದಲ್ಲಿಯೇ ಭಕ್ತಿಯು ಶಿವನಿಗೆ ಒಪ್ಪಿತವೆಂಬುದು ದಾಸಿಮಯ್ಯನವರ ಆಶಯ. ಒಬ್ಬರು ಬಳಲಿ ಒಬ್ಬರು ಕುಳಿತಿದ್ದರೆ ಮನಸ್ಸು ಒಂದಾಗುವ ಬಗೆ ಹೇಗೆ? ಬಳಲಿಕೆಯನ್ನು ಹಂಚಿಕೊಂಡಾಗ ಬಿಡುವನ್ನೂ ಹಂಚಿಕೊಳ್ಳಬಹುದು. ಬಿಡುವಿನಲ್ಲಿ ಇಬ್ಬರೂ ಕುಳಿತು ಒಂದು ವಚನವನ್ನು ಓದಿ ಅದರ ಅರ್ಥವನ್ನು ವಿಚಾರಿಸಬಹುದು. ಅಂಥ ಮನೆಯೇ ಮಹಾಮನೆ.

ಅಭ್ಯಾಸಕ್ಕೆ ಪ್ರಶ್ನೆಗಳು

(ಶರಣಗೋಷ್ಠಿಗಳಲ್ಲಿ ಸತಿಪತಿಗಳು ಜೊತೆಯಾಗಿ ಕುಳಿತು ವಿಚಾರಿಸತಕ್ಕುವು)

೧. ಕಾಯಕದ ಮೂರು ಲಕ್ಷಣಗಳಾವುವು? ಅಡಿಗೆ ಮತ್ತು ಮನೆಗೆಲಸಗಳಲ್ಲಿ ಅವು ಹೇಗೆ ಕೂಡಿಬರುವುವು?

೨. ಲಕ್ಕಮ್ಮನವರ ಮಾತಿಗೆ ಮಾರಯ್ಯನವರು ತಂದ ಅಕ್ಕಿಯನ್ನು ಮರಳಿ 
ಚೆಲ್ಲಿದುದರಿಂದ ಪುರುಷರು ಕಲಿಯಬೇಕಾದುದೇನು?

೩. ಅಳಿಯಸಂತಾನದ ಮನೆಗಳಲ್ಲಿ ಆಸ್ತಿಯು ಹೆಣ್ಣಿನ ಬಳಿಯದಾಗಿದ್ದರೂ ಮನೆಗೆಲಸದ ಹಂಚಿಕೆ ಬದಲಾಗದುದಕ್ಕೆ ಕಾರಣವೇನಿರಬಹುದು?

೪. ನಿಮ್ಮ ಮನೆಯಲ್ಲಿ ಕಳೆದ ಏಳು ದಿನಗಳಲ್ಲಿ ಯಾರು ಯಾರು ಎಷ್ಟು ಹೊತ್ತು ಮನೆಗೆಲಸಕ್ಕೂ, ಎಷ್ಟು ಹೊತ್ತು ಲಿಂಗಪೂಜೆಗೂ ಕೊಟ್ಟರೆಂಬುದನ್ನು ಬರೆದಿಟ್ಟು, ಇಬ್ಬರೂ ಕೂಡಿ ಓದಿರಿ.